ಹೂವಿನ ಫ್ರಿಜ್ಜು

ಹೊಸ ಫ್ರಿಜ್ಜು ಮನೆಗೆ ಬಂದ ದಿನ ಅಡುಗೆಮನೆಯ ಬಾಗಿಲನ್ನೇ ಕಳಚಿ ಇಡಬೇಕಾಯಿತು. ನಮ್ಮ ಯಜಮಾನರು ವೃತ್ತಿಯಲ್ಲಿ ಸರ್ವೇಯರ್. ಬೇಲಿ ಎಲ್ಲಿ ಬರಬೇಕು, ಗೋಡೆ ಎಲ್ಲಿ ನಿಲ್ಲಬೇಕು ಎಂದು ಊರವರ ನಿವೇಶನಗಳನ್ನು ಅಳೆದು ಹೇಳುವವರು. ಫ್ರಿಜ್ಜು ಕೊಳ್ಳುವ ಮುಂಚೆ ತಾವೇ ಟೇಪು ಹಿಡಿದು ಬಾಗಿಲಿನ ಚೌಕಟ್ಟನ್ನು ಅಳೆದಿದ್ದರು. ತೆರೆದ ಬಾಗಿಲೂ ತನ್ನ ದಪ್ಪದಷ್ಟು ಜಾಗವನ್ನು ತಿನ್ನುತ್ತದೆ ಎಂಬುದೊಂದು ಮಾತ್ರ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

"ಎರಡು ಬೆರಳು ಸಾಲದು ಸಾರ್," ಎಂದ, ಹೊತ್ತು ತಂದವರಲ್ಲಿ ಹಿರಿಯ.

"ನಾನು ಅಳೆದ ಮೇಲೆ ಬಾಗಿಲು ಉಬ್ಬಿರಬೇಕು," ಎಂದರು ಇವರು.

ಊಟದ ಮೇಜಿನ ಹತ್ತಿರ ಕಾಲು ಚಾಚಿ ಕೂತಿದ್ದ ನನ್ನ ಅಮ್ಮ, "ಮೊನ್ನೆ ತಾನೇ ಅಳೆದಿದ್ದು. ಅಷ್ಟು ಬೇಗ ಉಬ್ಬಿತಾ ಪಾಪ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಬಂದವರು ನಗು ನುಂಗಿಕೊಂಡು ಕೀಲು ಬಿಚ್ಚತೊಡಗಿದರು.

ಫ್ರಿಜ್ಜು ಬಂದದ್ದೇ ಅಮ್ಮನ ಮೊಣಕಾಲಿನ ದೆಸೆಯಿಂದ. ಬೆಳಿಗ್ಗೆ ಸಂಜೆ ಐಸು ಇಡಿ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿದ್ದದ್ದು ಅಮ್ಮ ನಮ್ಮಲ್ಲಿಗೆ ಬರುವಾಗ ಒಂದು ಪೆಟ್ಟಿಗೆಯ ಜೊತೆ ತಂದಿದ್ದ ಹಳೇ ಫ್ರಿಜ್ಜು. ತಿಳಿಹಸಿರು ಬಣ್ಣದ್ದು, ಒಂದೇ ಬಾಗಿಲಿನದು. ಅದರ ಮೇಲಿನ ಗೂಡಿನಲ್ಲಿ ಮಂಜು ಗವಿಯ ಹಾಗೆ ಬೆಳೆದುಕೊಂಡು, ಐಸಿನ ತಟ್ಟೆಯನ್ನು ಚಮಚದಿಂದ ಮೀಟಿ ಮೀಟಿ ಎಬ್ಬಿಸಬೇಕಿತ್ತು. ಎದ್ದರೂ ನಾಲ್ಕು ತುಂಡು ಸಿಕ್ಕಿದರೆ ಪುಣ್ಯ. ನಾನು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಕೆಲಸಕ್ಕೆ ಹೊರಡುವ ಅವಸರದಲ್ಲಿ ದಿನಾ ಈ ಗಣಿ ಕೆಲಸ ನನ್ನಿಂದಾಗಲಿಲ್ಲ. ಹಾಗಾಗಿ ತಾನೇ ನೀರು ಎಳೆದುಕೊಂಡು, ತಾನೇ ಐಸು ಮಾಡಿ ಉದುರಿಸುವ ದೊಡ್ಡ ಫ್ರಿಜ್ಜೇ ಇರಲಿ ಎಂದು ತೀರ್ಮಾನಿಸಿದೆವು. ಅಮ್ಮ ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ನನ್ನ ಕಾಲಿಗೆ ಇಷ್ಟು ದೊಡ್ಡ ಬೀರುವಾ?" ಎಂದು ಮಾತ್ರ ಕೇಳಿದಳು.

ಹಳೇ ಫ್ರಿಜ್ಜಿನ ವಿಷಯ ಸ್ವಲ್ಪ ಹೇಳಬೇಕು. ಅದು ನಾವು ಮಕ್ಕಳಾಗಿದ್ದಾಗ ಮನೆಗೆ ಬಂತು, ಆದರೆ ಮನೆಯವರಿಗಾಗಿ ಬಂದದ್ದಲ್ಲ. ಅಮ್ಮನಿಗೆ ಬಸ್‌ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೂವಿನ ಅಂಗಡಿ ಇತ್ತು. ಅಂಗಡಿಯೆಂದರೆ ಒಂದು ಮರದ ಕಟ್ಟೆ, ಮೇಲೊಂದು ತಗಡು, ಸುತ್ತ ನೀರಿನ ಬಕೆಟ್ಟುಗಳು. ಅಲ್ಲಿ ಫ್ರಿಜ್ಜಿಡಲು ಜಾಗವಿರಲಿಲ್ಲ. ಹಾಗಾಗಿ ಉಳಿದ ಹೂವೆಲ್ಲ ಸಂಜೆ ಮನೆಗೆ ಬಂದು ನಮ್ಮ ಫ್ರಿಜ್ಜಿನಲ್ಲಿ ಮಲಗುತ್ತಿತ್ತು. ಕೆಳಗಿನ ಎರಡು ಹಲಗೆ ಗುಲಾಬಿಗೆ, ಅದರ ಮೇಲಿನದು ಲಿಲ್ಲಿಗೆ, ಬಾಗಿಲಿನ ಬುಟ್ಟಿಗಳಲ್ಲಿ ಬಿಡಿ ಮೊಗ್ಗುಗಳು. ಹಾಲಿನ ಪಾತ್ರೆಗೆ ಒಂದು ಮೂಲೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಾನೂ ತಂಗಿಯೂ ಬೇಸಿಗೆಯಲ್ಲಿ ತಣ್ಣೀರಿಗೆಂದು ಬಾಗಿಲು ತೆಗೆದರೆ, "ಹಾಕು ಬಾಗಿಲು, ಹೂ ಎದ್ದುಬಿಡುತ್ತೆ," ಎಂದು ಒಳಗಿನಿಂದ ಅಮ್ಮನ ದನಿ ಬರುತ್ತಿತ್ತು, ಫ್ರಿಜ್ಜಿನಲ್ಲಿ ಮಗು ಮಲಗಿದೆಯೇನೋ ಎಂಬ ಹಾಗೆ. ನಮ್ಮ ಮನೆಯ ಹಾಲು ಲಿಲ್ಲಿಯ ವಾಸನೆ ಬರುತ್ತಿತ್ತು. ಬೆಣ್ಣೆ ಗುಲಾಬಿಯ ವಾಸನೆ ಬರುತ್ತಿತ್ತು. ಶಾಲೆಯಲ್ಲಿ ನಾವು ಡಬ್ಬಿ ಬಿಚ್ಚಿದರೆ ಪಕ್ಕದವರು, "ಇವತ್ತು ಯಾರ ಮದುವೆನೇ?" ಎಂದು ಕೇಳುತ್ತಿದ್ದರು.

ಅಪ್ಪ ಬಸ್ಸಿನ ಡ್ರೈವರು. ಆ ಫ್ರಿಜ್ಜು ಆಗಾಗ ಮೈ ನಡುಗಿಸಿ ಗುರ್ ಎಂದು ಶುರುವಾದಾಗ ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, "ಸೆಕೆಂಡ್ ಗೇರಿಗೆ ಹಾಕಿದ ನೋಡು," ಎನ್ನುತ್ತಿದ್ದ. ಅದು ನಿಂತಾಗ, "ಇಳಿಯೋರು ಇಳೀರಿ," ಎನ್ನುತ್ತಿದ್ದ. ಎಷ್ಟು ಸಲ ಹೇಳಿದರೂ ತಂಗಿ ಬಿದ್ದು ಬಿದ್ದು ನಗುತ್ತಿದ್ದಳು.

ಅಪ್ಪ ತೀರಿಕೊಂಡಾಗ ಅವನ ಮೇಲಿಡುವ ಹೂಚಕ್ರವನ್ನು ಅಮ್ಮ ತಾನೇ ಕಟ್ಟಿದಳು. ಬೇರೆ ಯಾರಿಗೂ ಒಂದು ಎಲೆಯನ್ನೂ ಮುಟ್ಟಗೊಡಲಿಲ್ಲ. ಅದಾದ ಮೇಲೆ ಅಂಗಡಿಯನ್ನು ತನ್ನ ಜೊತೆ ವರ್ಷಾನುಗಟ್ಟಲೆ ದುಡಿದ ಹೆಂಗಸಿನ ಕೈಗೆ ಒಪ್ಪಿಸಿ, ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಳು. ಆ ಹೆಂಗಸನ್ನು ನಾವು ಮುಳ್ಳಕ್ಕ ಎನ್ನುತ್ತೇವೆ. ಗುಲಾಬಿಯ ಮುಳ್ಳು ತೆಗೆಯುವ ಕೆಲಸಕ್ಕೆಂದು ಸೇರಿದವಳಾದ್ದರಿಂದ ಅಪ್ಪ ಇಟ್ಟ ಹೆಸರು ಅದು. ಅವಳ ಗಂಡನೂ ಈಗ ಹಾಗೆಯೇ ಕರೆಯುತ್ತಾನೆ. ಮುಳ್ಳಕ್ಕ ಅಂಗಡಿಯನ್ನು ಒಳ್ಳೆಯ ಕಟ್ಟಡಕ್ಕೆ ಬದಲಾಯಿಸಿ, ಗಾಜಿನ ಬಾಗಿಲು ಹಾಕಿಸಿ, ಹಲವು ಸಲ ಬಂದು ಅಮ್ಮನನ್ನು ಕರೆದಳು. ಅಮ್ಮ, "ಕಾಲು ನೋವು," ಎಂದಳು. ಕಾಲು ನೋಯದೆ ಇದ್ದಾಗಲೂ ಅದನ್ನೇ ಹೇಳಿದ್ದಳು. ನಮ್ಮ ಮನೆಯಲ್ಲಿ ಅವಳು ಹೂವಿನ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ.

ಬಾಗಿಲು ಕಳಚಿದ ಮೇಲೆ ಹೊಸ ಫ್ರಿಜ್ಜು ಒಳಗೆ ಬಂತು. ಹೊತ್ತು ತಂದವರು ಹೋದ ಮೇಲೆ ಜೋಡಿಸುವವನು ಬಂದ. ಮಿತಭಾಷಿ, ಕಪ್ಪು ಚೀಲದ ತುಂಬ ಹಿತ್ತಾಳೆಯ ಪುಟ್ಟ ಪುಟ್ಟ ಭಾಗಗಳು. ಸಿಂಕಿನ ಕೆಳಗೆ ಕವುಚಿ ಮಲಗಿ, ನಲ್ಲಿಗೆ ಹೋಗುವ ನೀರನ್ನು ಒಂದು ಕಡೆ ಕವಲೊಡೆಸಿ, ಬೆರಳಿಗಿಂತ ಸಣ್ಣ ಬಿಳಿ ಕೊಳವೆಯೊಂದನ್ನು ಕಪಾಟಿನ ಬೆನ್ನ ಹಿಂದಿನಿಂದ ಎಳೆದು ತಂದು ಫ್ರಿಜ್ಜಿಗೆ ಸಿಕ್ಕಿಸಿದ. ನೀರು ಸೋರುತ್ತಿದೆಯೇ ಎಂದು ಕಾಗದದ ತುಂಡನ್ನು ಒತ್ತಿ ಒತ್ತಿ ನೋಡಿದ. ಆಮೇಲೆ ಹೇಳಿದ: "ಗಾಡಿಯಲ್ಲಿ ಅಲ್ಲಾಡಿಕೊಂಡು ಬಂದಿರುತ್ತೆ. ಒಂದಿಷ್ಟು ಗಂಟೆ ಸುಮ್ಮನೆ ನಿಂತಿರಲಿ, ಒಳಗಿನದೆಲ್ಲ ತಳಕ್ಕೆ ಇಳೀಬೇಕು. ಸಂಜೆ ಸ್ವಿಚ್ ಹಾಕಿ. ಐಸು ನಾಳೆ ಬರುತ್ತೆ. ಮೊದಲು ಬಂದಿದ್ದನ್ನು ಚೆಲ್ಲಿಬಿಡಿ, ತಿನ್ನಬೇಡಿ."

"ತಿನ್ನೋದಕ್ಕಲ್ಲಪ್ಪ, ಕಾಲಿಗೆ," ಎಂದಳು ಅಮ್ಮ.

"ಕಾಲಿಗಾದರೆ ನಡೆಯುತ್ತಮ್ಮ. ಕಾಲೇನು ರುಚಿ ನೋಡುತ್ತಾ."

ಅಮ್ಮನಿಗೆ ಆ ಮನುಷ್ಯ ಹಿಡಿಸಿಬಿಟ್ಟ. ಟೀ ಕುಡಿಸಿಯೇ ಕಳಿಸಿದಳು.

ಸಂಜೆ ಸ್ವಿಚ್ಚು ಹಾಕಿದೆವು. ಒಳಗೆ ಬಿಳಿ ಬೆಳಕು ಹೊತ್ತಿಕೊಂಡಿತು, ಸದ್ದೇ ಇಲ್ಲ. ಅಮ್ಮ ಬಾಗಿಲಿಗೆ ಕಿವಿಗೊಟ್ಟು, "ಉಸಿರಾಡ್ತಾ ಇದೆಯಾ ಇದು?" ಎಂದಳು. ಯಜಮಾನರು ಕೈಪಿಡಿಯನ್ನು ಮೊದಲ ಪುಟದಿಂದ ಓದುತ್ತ ಕೂತರು. ಮರುದಿನ ರಜೆ. ಬೆಳಿಗ್ಗೆ ಎದ್ದು ನೋಡಿದರೆ ಐಸಿನ ಬುಟ್ಟಿ ಖಾಲಿ. ತಿಂಡಿ ಮುಗಿದರೂ ಖಾಲಿ. ಫ್ರಿಜ್ಜು ತಣ್ಣಗಿದೆ, ಐಸು ಮಾತ್ರ ಇಲ್ಲ. ಇವರು ಕೈಪಿಡಿಯ ಕೊನೆಯ ಪುಟಗಳಿಗೆ ಬಂದಿದ್ದರು.

ಅಮ್ಮ ಕುರ್ಚಿಯೊಂದನ್ನು ಫ್ರಿಜ್ಜಿನ ಎದುರಿಗೆ ಎಳೆಸಿಕೊಂಡು, ಕಾಲನ್ನು ಮಣೆಯ ಮೇಲೆ ಚಾಚಿ, ಬಸ್ಸಿಗೆ ಕಾಯುವವಳಂತೆ ಕೂತಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಎಷ್ಟೋ ಹೊತ್ತು ಹಾಗೆಯೇ ಕೂತಿದ್ದು, ನಂತರ ಇದ್ದಕ್ಕಿದ್ದಂತೆ, "ಐಸಿಗೆ ಹೀಗೆ ಕಾದಿದ್ದು ಆ ಮದುವೆ ದಿನ," ಎಂದಳು.

"ಯಾವ ಮದುವೆ ಅತ್ತೆ?" ಎಂದರು ಇವರು, ಕೈಪಿಡಿಯಿಂದ ಕಣ್ಣು ತೆಗೆಯದೆ.

"ನಿಮಗೆ ಇವಳು ಹೇಳಿಲ್ವಾ? ಬೆಕ್ಕಿನ ಮದುವೆ."

ಕೈಪಿಡಿ ಮುಚ್ಚಿತು.

ಅಮ್ಮ ಹೇಳಿದಳು. ನನಗೆ ಗೊತ್ತಿದ್ದ ಕಥೆಯೇ, ಆದರೆ ಅಪ್ಪ ಹೋದ ಮೇಲೆ ಅವಳ ಬಾಯಲ್ಲಿ ಕೇಳಿರಲಿಲ್ಲ. ಒಂದು ಬೇಸಿಗೆ, ದೊಡ್ಡ ಮದುವೆಯ ಆರ್ಡರ್. ಅಷ್ಟೂ ಬಿಳಿ ಹೂವೇ ಆಗಬೇಕು. ಬಿಳಿ ಗುಲಾಬಿ, ಬಿಳಿ ಲಿಲ್ಲಿ. ಫ್ರಿಜ್ಜಿನ ಹಲಗೆಗಳನ್ನೆಲ್ಲ ತೆಗೆದು ಕಟ್ಟುಗಟ್ಟಲೆ ನಿಲ್ಲಿಸಿದ್ದಾಗಿತ್ತು. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಕೈ ಹಾಕಿ ನೋಡಿದರೆ ಒಳಗೆ ಬೆಚ್ಚಗೆ. ನಾನೂ ತಂಗಿಯೂ ಬೀದಿಯ ಮನೆಮನೆಗೆ ಹೋಗಿ ಐಸು ಕೇಳಿದೆವು. ಕರೆಂಟಿಲ್ಲದಾಗ ಯಾರ ಮನೆಯಲ್ಲಿ ಐಸು ಇರುತ್ತದೆ? ಐಸ್‌ಕ್ರೀಮಿನವನು ಅಂಗಡಿ ಮುಚ್ಚಿ, ಕರಗಿದ್ದನ್ನೆಲ್ಲ ಮನೆಯವರಿಗೆ ಕುಡಿಸುತ್ತಿದ್ದ. ನಾವೂ ಒಂದೊಂದು ಲೋಟ ಕುಡಿದು ಬಂದೆವು.

ಊಟಕ್ಕೆ ಬಂದ ಅಪ್ಪ ಅಮ್ಮನ ಮುಖ ನೋಡಿದವನೇ ಸೈಕಲ್ಲು ತಿರುಗಿಸಿದ. ಮೀನಿನ ಮಾರುಕಟ್ಟೆಯಲ್ಲಿ ದಿನಾ ಅವನ ಬಸ್ಸಿಗೆ ಹತ್ತುವ ವ್ಯಾಪಾರಿಯೊಬ್ಬನಿದ್ದ. ಅವನಿಂದ ದಿಂಬಿನಷ್ಟು ದೊಡ್ಡ ಐಸಿನ ಗಡ್ಡೆಗಳನ್ನು ಗೋಣಿಯಲ್ಲಿ ಸುತ್ತಿ ಹೊತ್ತುಕೊಂಡು ಬಂದ. ಸೈಕಲ್ಲಿನಿಂದ ಮನೆಯವರೆಗೂ ನೀರಿನ ಗೆರೆ.

"ನಾನು ಕೇಳಿದೆ, ಮೀನಿನ ಐಸಾ ಅಂತ," ಎಂದಳು ಅಮ್ಮ. "ಅದಕ್ಕೆ ಅವರು, ಐಸು ಐಸೇ, ಮೀನು ಸ್ವಲ್ಪ ಹೊತ್ತು ಮೇಲೆ ಕೂತಿತ್ತು ಅಷ್ಟೆ, ಅಂದ್ರು."

ಬೇರೆ ದಾರಿಯಿರಲಿಲ್ಲ. ಐಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಟವೆಲ್ಲು ಸುತ್ತಿ, ಹೂವಿನ ಸುತ್ತ ಜೋಡಿಸಿದರು. ಹೂವೇನೋ ಉಳಿಯಿತು. ಆದರೆ ಸಂಜೆ ಫ್ರಿಜ್ಜಿನ ಬಾಗಿಲು ತೆಗೆದಾಗ ಬಂದ ವಾಸನೆಗೆ ತಂಗಿ ಮೂಗು ಹಿಡಿದುಕೊಂಡು ಆಚೆ ಓಡಿದಳು. ಅಮ್ಮ ಗುಲಾಬಿಗಳ ಮುಂದೆ ಕೂತು ಅಳುವುದೊಂದು ಬಾಕಿ. ಅಪ್ಪ ಬಚ್ಚಲಿಗೆ ಹೋಗಿ ತನ್ನ ಶೇವಿಂಗ್ ಲೋಷನ್ನಿನ ಸೀಸೆ ತಂದುಕೊಟ್ಟ. ಹೊಸ ಸೀಸೆ, ಹಬ್ಬ ಹುಣ್ಣಿಮೆಗೆಂದು ಇಟ್ಟುಕೊಂಡಿದ್ದು. ಅಮ್ಮ ಅದನ್ನಷ್ಟೂ ನೀರಿಗೆ ಬೆರೆಸಿ ಎಲೆಗಳಿಗೂ ಕಾಂಡಗಳಿಗೂ ಚಿಮುಕಿಸಿದಳು. ಕೈಗಾಡಿಯಲ್ಲಿ ಹೂ ಹೇರಿಕೊಂಡು ನಾವೆಲ್ಲ ಮದುವೆ ಮನೆಯ ಕಡೆ ಹೊರಟೆವು. ಮನುಷ್ಯರನ್ನು ಮೋಸಗೊಳಿಸಿದರೂ ಬೆಕ್ಕುಗಳನ್ನು ಮೋಸಗೊಳಿಸಲಾಗಲಿಲ್ಲ. ಬೀದಿಯ ತಿರುವಿನಲ್ಲಿ ಒಂದು ಬಂತು. ಮುಂದಿನ ಬೀದಿಯಲ್ಲಿ ಇನ್ನೆರಡು. ಮದುವೆ ಮನೆ ತಲುಪುವಾಗ ಗಾಡಿಯ ಹಿಂದೆ ಬೆಕ್ಕುಗಳ ದಿಬ್ಬಣವೇ ಬರುತ್ತಿತ್ತು. ಅಪ್ಪ ಟೋಪಿ ತೆಗೆದು ಅವುಗಳ ಕಡೆ ತಿರುಗಿ, "ಹಿಂದಿನ ಬಸ್ಸಿನಲ್ಲಿ ಬನ್ನಿ, ಇದು ಫುಲ್," ಎಂದ.

ನಮ್ಮ ಯಜಮಾನರು ಸುಲಭಕ್ಕೆ ನಗುವ ಮನುಷ್ಯ ಅಲ್ಲ. ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಮೇಲೆ ಹುಡುಗಿಯ ಕಡೆಯವರು ಏನಂದ್ರು?" ಎಂದು ಕಣ್ಣು ಒರೆಸಿಕೊಂಡು ಕೇಳಿದರು.

ಅಮ್ಮ ಮಣೆಯ ಮೇಲಿನ ಕಾಲನ್ನು ಸರಿಸಿಕೊಂಡಳು. "ಗುಚ್ಛ ನಾನೇ ಹುಡುಗಿ ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದಳು. ನನ್ನ ಜೀವ ಬಾಯಿಗೆ ಬಂದಿತ್ತು. ಅವಳು ಹಾಗೇ ನಿಂತುಬಿಟ್ಟಳು. ಆಮೇಲೆ, ನಮ್ಮಪ್ಪ ಶೇವ್ ಮಾಡಿಕೊಂಡು ಬಂದಾಗ ಹೀಗೇ ಘಮಘಮ ಅಂತಿದ್ರು, ಅಂದಳು. ಅವಳಿಗೆ ತಂದೆ ಇರಲಿಲ್ಲ. ಆ ಹೂವನ್ನು ಎಲ್ಲೂ ಕೆಳಗಿಡಲೇ ಇಲ್ಲ ಆ ಹುಡುಗಿ. ಮನೆಗೆ ಬಂದು ಇವಳಪ್ಪನಿಗೆ ಹೇಳಿದರೆ, ಸರಿ ಬಿಡು, ಸೀಸೆ ದಂಡ ಆಗಲಿಲ್ಲ, ಅಂದ್ರು. ಆಮೇಲೆ ಬಚ್ಚಲಲ್ಲಿ ಮುಖ ತೊಳೆಯೋಕೆ ಹೋದೋರು ಎಷ್ಟು ಹೊತ್ತಾದರೂ ಬರಲಿಲ್ಲ."

ಯಜಮಾನರು ಎದ್ದು, ಏನಾದರೊಂದು ಮಾಡಬೇಕೆಂಬಂತೆ, ಫ್ರಿಜ್ಜಿನ ಹಿಂದೆ ಟಾರ್ಚು ಬಿಟ್ಟು ನೋಡಿದರು. ನೋಡಿದವರು ಅಲ್ಲೇ ನಿಂತರು.

"ಏನಾಯ್ತು?" ಎಂದೆ.

"ಕೊಳವೆ ಮಡಚಿಕೊಂಡಿದೆ."

"ಅದು ಹೇಗೆ ಮಡಚಿಕೊಳ್ಳುತ್ತೆ? ಆತ ಸರಿಯಾಗಿ ಇಟ್ಟು ಹೋಗಿದ್ದನಲ್ಲ."

ಇವರು ಟಾರ್ಚು ಆರಿಸಿದರು. "ಫ್ರಿಜ್ಜು ಕಪಾಟಿನ ಸಾಲಿಗಿಂತ ಸ್ವಲ್ಪ ಮುಂದಿತ್ತು. ರಾತ್ರಿ ಮಲಗೋ ಮುಂಚೆ ಸಾಲಿಗೆ ಸರಿಯಾಗಿ ಒತ್ತಿದೆ."

ಅಮ್ಮ ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು. ಇವರು ಫ್ರಿಜ್ಜನ್ನು ಮುಂದಕ್ಕೆಳೆದು ಕೊಳವೆ ನೇರ ಮಾಡಿದರು. ಒಳಗೆಲ್ಲೋ ನೀರು ಸುಂಯ್ ಎಂದು ಓಡಿದ ಸದ್ದಾಯಿತು. ಮಧ್ಯಾಹ್ನ ಕಳೆದು ನಾವು ಟೀ ಕುಡಿಯುತ್ತಿದ್ದಾಗ ಬುಟ್ಟಿಯೊಳಗೆ ಖಡಖಡ ಎಂದು ಐಸು ಉದುರಿತು. "ಯಾರೋ ಬಂದ್ರು ನೋಡೇ," ಎಂದು ಅಮ್ಮ ಹೊರಬಾಗಿಲ ಕಡೆ ತಿರುಗಿದಳು.

ಮೊದಲ ಐಸು ಅವಳ ಮೊಣಕಾಲಿಗೆ ಹೋಯಿತು. ಒಳ್ಳೆ ಐಸು, ಒಂದೇ ಅಳತೆಯ ಅರ್ಧಚಂದ್ರಗಳು. ಆದರೆ ಅವಳ ಕಣ್ಣೆಲ್ಲ ಊಟದ ಮೇಜಿನಾಚೆ ಗೋಡೆಗೆ ಒರಗಿಸಿದ್ದ ಹಳೇ ಫ್ರಿಜ್ಜಿನ ಮೇಲಿತ್ತು. ಅದರ ವೈರನ್ನು ಸುತ್ತಿ ಹಿಂದೆ ಕಟ್ಟಿಯಾಗಿತ್ತು. ವಾರ ಕಳೆಯುವುದರೊಳಗೆ ಬಂದು ಒಯ್ಯುವಂತೆ ಗುಜರಿಯವನಿಗೆ ಇವರು ಹೇಳಿದ್ದರು.

ಎರಡು ದಿನ ಬಿಟ್ಟು ನಾನು ಆಸ್ಪತ್ರೆಯಿಂದ ಬಂದಾಗ ಅಮ್ಮ ಕುಳ್ಳು ಸ್ಟೂಲಿನ ಮೇಲೆ ಕೂತು, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಅದರ ಬಾಗಿಲಿನ ರಬ್ಬರಿನ ಮಡಿಕೆಗಳನ್ನು ಉಜ್ಜುತ್ತಿದ್ದಳು. ಹಲಗೆಗಳನ್ನೆಲ್ಲ ತೊಳೆದು ಕಿಟಕಿಯ ಕೆಳಗೆ ಒಣಗಲು ಒರಗಿಸಿದ್ದಳು.

"ಗುಜರಿಗೆ ಹೋಗೋದನ್ನ ಯಾಕಮ್ಮ ತೊಳೀತೀಯ?"

"ಕೊಳಕಾಗಿ ಕಳಿಸೋದಕ್ಕಾಗುತ್ತಾ?" ಎಂದಳು, ತಲೆಯೆತ್ತದೆ. ಸ್ವಲ್ಪ ಹೊತ್ತಾದ ಮೇಲೆ, "ಇದು ಇನ್ನೂ ತಣ್ಣಗೆ ಮಾಡುತ್ತೆ," ಎಂದಳು.

ನಾನು ಒಳಗೆ ಹೋಗಿ ಮುಳ್ಳಕ್ಕನಿಗೆ ಫೋನು ಮಾಡಿ, ಹಳೇ ಫ್ರಿಜ್ಜು ಅಂಗಡಿಗೆ ಬೇಕಾ ಎಂದು ಕೇಳಿದೆ. ಅವಳು ಮರುಮಾತಿಲ್ಲದೆ, "ಬೆಳಿಗ್ಗೆ ವ್ಯಾನ್ ತರ್ತೀನಿ," ಎಂದಳು. ಅಂಗಡಿಯ ಗಾಜಿನ ಕಪಾಟು ಬೇಸಿಗೆಯಲ್ಲಿ ಕೈಕೊಡುತ್ತಿದೆ, ಇಂಥದ್ದೊಂದು ಬೇಕೇ ಬೇಕಿತ್ತು ಎಂದೂ ಸೇರಿಸಿದಳು. ಅದು ನಿಜವೋ, ಅಮ್ಮನಿಗಾಗಿ ಹೇಳಿದ್ದೋ, ನಾನು ಕೆದಕಲಿಲ್ಲ.

ವ್ಯಾನಿನವರು ಫ್ರಿಜ್ಜನ್ನು ಮಲಗಿಸಹೊರಟಾಗ ಅಮ್ಮ ಬಾಗಿಲಲ್ಲಿ ಕೋಲೂರಿ ನಿಂತು ತಡೆದಳು. ನಿಲ್ಲಿಸಿಕೊಂಡೇ ಒಯ್ಯಬೇಕು ಎಂದಳು. ನಿಲ್ಲಿಸಿದರೆ ಯಾರಾದರೂ ಹಿಡಿದುಕೊಳ್ಳಬೇಕಲ್ಲ ಎಂದರು ಅವರು. ಮುಳ್ಳಕ್ಕ ಹಿಂದೆ ಹತ್ತಿ ಹಿಡಿದುಕೊಂಡಳು. ಮುಂದಿನ ಸೀಟು ಖಾಲಿ ಉಳಿಯಿತು. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಚಪ್ಪಲಿಯನ್ನು ನೋಡಿದಳು.

"ಇವಳು ಬಿಸಿಲಿಗೆ ಇಟ್ಟುಬಿಡ್ತಾಳೆ," ಎಂದಳು. "ಎಲ್ಲಿ ಇಡಬೇಕು ಅಂತ ತೋರಿಸಿ ಬಂದುಬಿಡ್ತೀನಿ."

ನಾನೂ ಡ್ರೈವರೂ ಸೇರಿ ಅವಳನ್ನು ಹತ್ತಿಸಿದೆವು. ವ್ಯಾನು ಬೀದಿಯ ತುದಿಯಲ್ಲಿ ತಿರುಗುವವರೆಗೂ ಅವಳು ಹಿಂದಿನ ಕಿಟಕಿಯ ಮೂಲಕ ಮುಳ್ಳಕ್ಕನಿಗೆ ಏನೋ ಸೂಚನೆ ಕೊಡುತ್ತಲೇ ಇದ್ದಳು.

ಅವತ್ತು ನಾನು ಆಸ್ಪತ್ರೆಗೆ ರಜೆ ಹಾಕಿದ್ದೆ. ಊಟದ ಹೊತ್ತಾಯಿತು, ಅಮ್ಮ ಬರಲಿಲ್ಲ. ನಾನೇ ಫೋನು ಮಾಡಿದೆ.

"ಈಗಲೇ ಸ್ವಿಚ್ ಹಾಕೋ ಹಾಗಿಲ್ಲವಲ್ಲ," ಎಂದಳು. "ಒಳಗಿನದೆಲ್ಲ ತಳಕ್ಕೆ ಇಳೀಬೇಕು ಅಂತ ಆತ ಹೇಳಿದ್ದು ನೀನೂ ಕೇಳಿಲ್ವಾ? ನಾನು ಎದ್ದು ಬಂದರೆ ಇವಳು ಹಾಕಿಬಿಡ್ತಾಳೆ. ಇಲ್ಲೇ ಕೂತಿರ್ತೀನಿ. ನೀವು ಊಟ ಮಾಡಿ." ಹಿಂದೆ ಮುಳ್ಳಕ್ಕ ಏನೋ ಹೇಳಿದಳು. ಅಮ್ಮ ಫೋನನ್ನು ಕಿವಿಯಿಂದ ಸರಿಸದೆಯೇ ಅವಳಿಗೆ ಹೇಳಿದಳು: "ಹೂವನ್ನ ಅಷ್ಟು ಬಿಗಿಯಾಗಿ ಕಟ್ಟಬೇಡ್ವೇ, ಉಸಿರು ಕಟ್ಟುತ್ತೆ ಅದಕ್ಕೆ. ಕೊಡು ಇಲ್ಲಿ."

ಫೋನು ಕಟ್ಟಾಯಿತು. ಇವರು ಕಳಚಿಟ್ಟ ಬಾಗಿಲನ್ನು ಕೀಲಿಗೆ ಕೂರಿಸುತ್ತಿದ್ದರು. "ಏನಂತೆ?" ಎಂದರು. "ಸಂಜೆ ಆಗುತ್ತಂತೆ," ಎಂದೆ.

ಮಾರನೆಯ ದಿನ, ಅದು ಸರಿಯಾಗಿ ತಣ್ಣಗಾಗುತ್ತಿದೆಯೇ ನೋಡಿಬರುತ್ತೇನೆ ಎಂದು ಹೋದಳು. ಅದರ ಮುಂದಿನ ವಾರ ಕಾರಣ ಹೇಳುವುದನ್ನೇ ಬಿಟ್ಟಳು. ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ನಾನು ಅಂಗಡಿಯಲ್ಲಿ ಬಿಡುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ. ಹೊಸ ಫ್ರಿಜ್ಜಿನ ಐಸನ್ನು ಅಗಲ ಬಾಯಿಯ ಫ್ಲಾಸ್ಕಿನಲ್ಲಿ ತುಂಬಿಕೊಡುತ್ತೇನೆ. ಅಲ್ಲೇ ಎತ್ತರದ ಸ್ಟೂಲಿನ ಮೇಲೆ ಕೂತು ಮೊಣಕಾಲಿಗೆ ಇಟ್ಟುಕೊಳ್ಳುತ್ತಾಳೆ. ಕಾಲು ಪೂರ್ತಿ ಸರಿಹೋಗಿಲ್ಲ. ಡಾಕ್ಟರು ಕೇಳಿದರೆ, "ಪರವಾಗಿಲ್ಲ," ಎನ್ನುತ್ತಾಳೆ, ಅವರು ಬೇರೆ ಯಾರದೋ ಕಾಲಿನ ಬಗ್ಗೆ ಕೇಳಿದರೇನೋ ಎಂಬ ಹಾಗೆ.

ಮೊನ್ನೆ ಸಂಜೆ ನಾನು ಹೋದಾಗ ಅಂಗಡಿಯಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಆಫೀಸಿನ ಚೀಲ. ಹೂವನ್ನೆಲ್ಲ ನೋಡಿ, ಯಾವುದನ್ನೂ ಮುಟ್ಟದೆ, ಕೊನೆಗೆ ತಗ್ಗಿದ ದನಿಯಲ್ಲಿ, "ಮನೆಯವಳ ಜೊತೆ ಸ್ವಲ್ಪ ಮಾತಾಗಿದೆ. ತಪ್ಪು ನಂದೇ. ಯಾವ ಹೂ ತಗೊಂಡು ಹೋಗಲಿ?" ಎಂದ.

ಮುಳ್ಳಕ್ಕ ಅಮ್ಮನ ಕಡೆ ಕೈ ತೋರಿಸಿದಳು. ಅಮ್ಮ ಮಡಿಲಲ್ಲಿದ್ದ ಎಲೆಗಳನ್ನು ಕೊಡವಿ, ಕನ್ನಡಕ ಏರಿಸಿಕೊಂಡು, ಅವನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ತಪ್ಪು ಎಷ್ಟು ದೊಡ್ಡದು ಹೇಳಿ," ಎಂದಳು. "ಅದಕ್ಕೆ ತಕ್ಕ ಹಾಗೆ ಕಟ್ಟೋಣ."

ಆತ ಚೀಲವನ್ನು ಕೆಳಗಿಟ್ಟು, ಬಗ್ಗಿ ಹೇಳತೊಡಗಿದ. ಇದು ಬೇಗ ಮುಗಿಯುವ ಹಾಗೆ ಕಾಣಲಿಲ್ಲ. ನಾನು ಬಕೆಟ್ಟುಗಳನ್ನು ಸರಿಸಿ, ಬಾಗಿಲ ಬಳಿ ಒಂದು ಜಾಗ ಮಾಡಿಕೊಂಡು ಕೂತೆ.